ಮೆಟ್ಟಿಲ ಕೆಳಗಿನ ಕಪಾಟಲ್ಲಿ ಇನ್ವರ್ಟರ್ ಬ್ಯಾಟರಿ ಇಟ್ಟಿದ್ದೀರಾ? ದಯವಿಟ್ಟು ಇದನ್ನು ಓದಿ

ಮಂಗಳೂರಿನಲ್ಲಿ ಮಳೆಗಾಲ ಶುರುವಾದರೆ ಇನ್ವರ್ಟರ್ ಇಲ್ಲದೆ ಆಗುವುದಿಲ್ಲ. ಕದ್ರಿಯ ನಮ್ಮ ಮನೆಗೆ ನಾವೂ 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ (ಆಸಿಡ್, ನೀರು ಇರುವ ಸೀಸದ ಬ್ಯಾಟರಿ) ಹಾಕಿಸಿದೆವು. ಹಾಲ್‌ನಲ್ಲಿ ಚೆಂದ ಕಾಣುವುದಿಲ್ಲ ಅಂತ ಮೆಟ್ಟಿಲ ಕೆಳಗೆ ಪ್ಲೈವುಡ್ ಕಪಾಟು ಮಾಡಿಸಿ, ಅದರೊಳಗೆ ಕೂರಿಸಿ ಬಾಗಿಲು ಹಾಕಿದೆವು. ಗಾಳಿ ಆಡಲು ಒಂದು ತೂತೂ ಇರಲಿಲ್ಲ. ಜೋಡಿಸಲು ಬಂದ ಹುಡುಗ ಏನೂ ಹೇಳಲಿಲ್ಲ. ಪಕ್ಕದಲ್ಲೇ ದೇವರ ಕೋಣೆ.

ಕಳೆದ ಜೂನ್‌ನಲ್ಲಿ ಒಂದು ಸಂಜೆ ದೀಪ ಹಚ್ಚಲು ಹೋದ ಅಮ್ಮ ಬೆಂಕಿಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಕರೆದರು. "ಎಂತದೋ ಕೊಳೆತ ಮೊಟ್ಟೆ ವಾಸನೆ ಬರ್ತಾ ಉಂಟು. ಗ್ಯಾಸ್ ಲೀಕ್ ಆಗಿದೆಯಾ ನೋಡು." ಓಡಿ ಹೋಗಿ ರೆಗ್ಯುಲೇಟರ್ ಬಂದ್ ಮಾಡಿದೆ. ವಾಸನೆ ಹೋಗಲಿಲ್ಲ. ಕಪಾಟು ತೆಗೆದರೆ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು, ಕಣ್ಣು ಉರಿಯಿತು. ಒಂದು ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ. ಆಸಿಡ್ ಸೋರಿ ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲದಲ್ಲಿ ಅಂಗೈ ಅಗಲ ಬಣ್ಣ ಹೋಗಿತ್ತು. ಒಳಗೆ ಕತ್ತಲೆ. ಬಲ್ಬ್ ಹಾಕೋಣ ಅಂತ ಸ್ವಿಚ್‌ಗೆ ಕೈ ಹಾಕುತ್ತಿದ್ದೆ. ಅಮ್ಮನ ಕೂಗು ಕೇಳಿ ಬಂದಿದ್ದ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಅಣ್ಣ, "ಸ್ವಿಚ್ ಮುಟ್ಬೇಡಿ ಮಾರಾಯ್ರೆ! ದೀಪವೂ ಬೇಡ. ಕಿಟಕಿ, ಬಾಗಿಲು ಎಲ್ಲ ತೆಗೀರಿ" ಅಂದರು. ಅವರೇ ಹೊರಗಿನ ಮೀಟರ್ ಬೋರ್ಡ್‌ಗೆ ಹೋಗಿ ಮೇನ್ ಆಫ್ ಮಾಡಿ ಚಾರ್ಜಿಂಗ್ ನಿಲ್ಲಿಸಿದರು.

ಆಮೇಲೆ ಅವರು ಹೇಳಿದ್ದನ್ನು ಕೇಳಿ ಆ ರಾತ್ರಿ ನಿದ್ದೆ ಬರಲಿಲ್ಲ. ಇಂಥ ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಹೈಡ್ರೋಜನ್ ಹೊರಗೆ ಬರುತ್ತದೆ. ಓವರ್‌ಚಾರ್ಜ್ ಆದರೆ ಇನ್ನೂ ಜಾಸ್ತಿ. ಅದು ತುಂಬಾ ಹಗುರ, ಮೇಲಕ್ಕೇರಿ ಮೆಟ್ಟಿಲಿನ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಸ್ವಿಚ್ಚಿನ ಕಿಡಿಯೂ ಸಾಕು. ಅದಕ್ಕೆ ವಾಸನೆಯೇ ಇಲ್ಲ! ಮೊಟ್ಟೆ ವಾಸನೆ ಬಂದದ್ದು ಬ್ಯಾಟರಿ ಕೆಟ್ಟು ಹುಟ್ಟಿದ ಬೇರೊಂದು ಗ್ಯಾಸ್‌ನಿಂದ. ಅದೂ ವಿಷವೇ. ಆದರೆ ಆ ವಾಸನೆ ಬರದಿದ್ದರೆ ಅಮ್ಮ ದೀಪ ಹಚ್ಚಿಬಿಡುತ್ತಿದ್ದರು.

ಈಗ ಹೊಸ ಬ್ಯಾಟರಿಗಳು ಹಿಂದಿನ ಜಗಲಿಯಲ್ಲಿವೆ. ಇರಿಚಲು ಹೊಡೆಯುವುದಿಲ್ಲ, ಗಾಳಿ ಚೆನ್ನಾಗಿ ಆಡುತ್ತದೆ. ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ತಿಂಗಳಿಗೊಮ್ಮೆ ನಾನೇ ನೋಡುತ್ತೇನೆ.

"ಲಿಥಿಯಂ ಹಾಕಿಸಿ, ಎಲ್ಲಿ ಬೇಕಾದರೂ ಇಡಬಹುದು" ಅಂತ ಅಂಗಡಿಯಲ್ಲಿ ಹೇಳಿದರು. ಸುಮ್ನೆ ನಂಬಬೇಡಿ. ಅದು ದಿನಾ ಗ್ಯಾಸ್ ಬಿಡುವುದಿಲ್ಲ, ನಿಜ. ಆದರೆ ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ. ಅಮೆರಿಕದಲ್ಲಿ ಮನೆಗಳ ಮಾದರಿ ಕಟ್ಟಡ ನಿಯಮ ಇಂಥ ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ ಇಡಲು ಬಿಡುವುದಿಲ್ಲ. ಆ ಕೋಣೆಗೆ ಬಾಗಿಲಿರುವ ಕಪಾಟಿನಲ್ಲೂ ಇಲ್ಲ. ಹೊರಗೋಡೆಗೆ ಹಾಕಿದರೆ ಬಾಗಿಲು, ಕಿಟಕಿಯಿಂದ 3 ಅಡಿ ದೂರ ಇರಬೇಕು. ನಮ್ಮ ಮನೆಗೆ ಬಂದ ಹುಡುಗ ಕಿಟಕಿ ಎಲ್ಲಿದೆ ಅಂತಲೂ ನೋಡಿರಲಿಲ್ಲ.

ಉಡುಪಿಯ ತಂಗಿ ಮನೆಯಲ್ಲೂ ಬ್ಯಾಟರಿ ಮೆಟ್ಟಿಲ ಕೆಳಗೇ ಇತ್ತು. ಅದೇ ರಾತ್ರಿ ಫೋನ್ ಮಾಡಿ ಕಪಾಟಿನ ಬಾಗಿಲು ತೆಗೆಸಿದೆ. ಭಾನುವಾರ ನಾನೂ ಎಲೆಕ್ಟ್ರಿಷಿಯನ್ ಅಣ್ಣನೂ ಹೋಗಿ ಬ್ಯಾಟರಿಯನ್ನು ಹೊರಗೆ ಇಟ್ಟು ಬಂದೆವು.