ಆಸ್ಪತ್ರೆ ಮಂಚದಲ್ಲಿ ಒತ್ತಿಸಿದ ಹೆಬ್ಬೆಟ್ಟು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಅಡಿಕೆ ಮಾರಿದ ದುಡ್ಡು, ಠೇವಣಿ ಎಲ್ಲ ಅಪ್ಪನೊಬ್ಬರ ಹೆಸರಲ್ಲೇ ಇತ್ತು. ನಾವೂ ಕೇಳಿದವರಲ್ಲ. ದಿನಾ ತೋಟ ಸುತ್ತುವ ಗಟ್ಟಿ ಮನುಷ್ಯನ ಹತ್ತಿರ ಅಂಥ ಮಾತು ತೆಗೆಯುವುದು ಹೇಗೆ, ಅಲ್ವಾ?

ಕಳೆದ ಮಳೆಗಾಲ, ಅಡಿಕೆಗೆ ಮದ್ದು ಬಿಡುವ ಹೊತ್ತಿನಲ್ಲಿ ಅವರ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಮಂಗಳೂರಿಗೆ ಕೊಂಡುಹೋದೆವು. ಜೀವ ಉಳಿಯಿತು, ಪ್ರಜ್ಞೆ ಬರಲಿಲ್ಲ. ಬ್ಯಾಂಕಿನಲ್ಲಿ ದುಡ್ಡು ಉಂಟು, ತೆಗೆಯುವ ಹಾಗಿಲ್ಲ. ಅಮ್ಮ ನಾಮಿನಿ ಹೌದು. ಆದರೆ ನಾಮಿನಿಗೆ ದುಡ್ಡು ಸಿಗುವುದು ಖಾತೆದಾರ ಸತ್ತ ಮೇಲೆ. ಇದನ್ನು ಅಮ್ಮನಿಗೆ ಯಾವ ಬಾಯಲ್ಲಿ ಹೇಳುವುದು?

ಆಗ ಪರಿಚಯದವರೊಬ್ಬರು ಬಂದರು. "ಪವರ್ ಆಫ್ ಅಟಾರ್ನಿ ಮಾಡಿಸುವಾ, ಎರಡು ದಿನದ ಕೆಲಸ." ಅಂದರೆ ಅಪ್ಪನ ಪರವಾಗಿ ನಾವು ವ್ಯವಹಾರ ಮಾಡಲಿಕ್ಕೆ ಅಪ್ಪ ಕೊಡುವ ಅಧಿಕಾರಪತ್ರ. ಹದಿನೆಂಟು ಸಾವಿರ ತೆಗೆದುಕೊಂಡರು. ಕಾಗದ ಪೂರಾ ಮಲಯಾಳದಲ್ಲಿ. ನನಗೆ ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ಬರುತ್ತದೆ, ದಸ್ತಾವೇಜಿನ ಮಲಯಾಳ ಬರುವುದಿಲ್ಲ. ಓದಿ ಹೇಳಿ ಅಂದರೆ "ಎಲ್ಲಾ ಮಾಮೂಲಿ" ಅಂದರು. ಅಪ್ಪನ ಬೆರಳಿಗೆ ಶಾಯಿ ಹಚ್ಚಿದ್ದು ನಾನೇ.

ಬ್ಯಾಂಕಿನ ಮ್ಯಾನೇಜರು ಕಾಗದ ನೋಡಿ ಒಂದೇ ಪ್ರಶ್ನೆ ಕೇಳಿದರು. "ಇದು ಏನೂಂತ ನಿಮ್ಮ ತಂದೆಯವರಿಗೆ ಗೊತ್ತುಂಟಾ?"

ನನ್ನಲ್ಲಿ ಉತ್ತರ ಇರಲಿಲ್ಲ. ಅವರೇ ವಿವರಿಸಿದರು. ಕಾಯಿಲೆಯಾಗಿದ್ದರೂ ಬುದ್ಧಿ ಸರಿ ಇರುವವರಾದರೆ ದುಡ್ಡು ತೆಗೆಯಲು ಹೆಬ್ಬೆಟ್ಟು ನಡೆಯುತ್ತದೆ. ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನವರು. ಪ್ರಜ್ಞೆ ಇಲ್ಲದವರದ್ದು ನಡೆಯುವುದಿಲ್ಲ. ಒಡಹುಟ್ಟಿದವರು ಯಾರಾದರೂ ದೂರು ಕೊಟ್ಟರೆ ಸಿಕ್ಕಿಬೀಳುವುದು ನಾನೇ ಅಂತಲೂ ಅಂದರು. ಕಾಗದ ಮಾಡಿಸಿಕೊಟ್ಟವರು ಆಮೇಲೆ ಫೋನೇ ಎತ್ತಲಿಲ್ಲ.

ವಕೀಲರು ಹೇಳಿದ ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಅಪ್ಪ ಚೆನ್ನಾಗಿದ್ದಾಗಲೇ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರೂ ಅದು ಈಗ ಬಿದ್ದುಹೋಗುತ್ತಿತ್ತು. ಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತಾದರೆ ಅಧಿಕಾರವೂ ಮುಗಿಯಿತು. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ನಿನಲ್ಲಿಯೇ ಅದು ಉಂಟು. ನನ್ನ ಭಾವ ಅಂಥದ್ದೊಂದು ಕಾಗದವನ್ನು ಕಪಾಟಿನಲ್ಲಿಟ್ಟು ನಿಶ್ಚಿಂತೆಯಲ್ಲಿದ್ದರು.

ಇನ್ನು ಅಪ್ಪನ ಪರವಾಗಿ ವ್ಯವಹರಿಸಲು ಗಾರ್ಡಿಯನ್, ಅಂದರೆ ಪಾಲಕರ ನೇಮಕ ಆಗಬೇಕು. ಅದು ಕಲೆಕ್ಟರರ ಸಮಿತಿಯಲ್ಲಿ ಆಗುತ್ತದೆ ಅಂತ ಯಾರೋ ಕಳಿಸಿ ಒಂದು ದಿನ ಹಾಳಾಯಿತು. ಆ ಸಮಿತಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯದ್ದು. ಆಟಿಸಂ, ಸೆರೆಬ್ರಲ್ ಪಾಲ್ಸಿ ಮುಂತಾದವು ಇರುವವರಿಗೆ.

ನಮಗೆ ಉಳಿದದ್ದು ಎರ್ನಾಕುಲಂನ ಹೈಕೋರ್ಟು. ಕೋಮಾದಲ್ಲಿರುವವರಿಗೆ ಗಾರ್ಡಿಯನ್ ನೇಮಿಸುವ ಕ್ರಮವನ್ನು ಕೇರಳ ಹೈಕೋರ್ಟು 2019ರಲ್ಲಿ ಹಾಕಿಕೊಟ್ಟಿದೆ. ನರರೋಗ ತಜ್ಞರಿರುವ ವೈದ್ಯಕೀಯ ಮಂಡಳಿ ನೋಡಬೇಕು. ತಹಶೀಲ್ದಾರ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ವರದಿ ಕೊಡಬೇಕು. ವಾರಸುದಾರರೆಲ್ಲರನ್ನೂ ಕಕ್ಷಿ ಮಾಡಬೇಕು. ನೇಮಕವಾದ ಮೇಲೂ ಆರು ತಿಂಗಳಿಗೊಮ್ಮೆ ಕೋರ್ಟಿಗೆ ವರದಿ. ಅರ್ಜಿ ಹಾಕಿದ್ದೇವೆ. ಅಲ್ಲಿಯವರೆಗೆ ಆಸ್ಪತ್ರೆ ಖರ್ಚಿಗೆ ಅಮ್ಮನ ಬಳೆ ಅಡವಿಟ್ಟಿದ್ದೇವೆ.

ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳಿದೆ. ಮೊದಲು ಸಿಟ್ಟು ಮಾಡಿದರು. ಮರುವಾರ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿ ಖಾತೆಯನ್ನು ಜಂಟಿ ಮಾಡಿಸಿದರು, 'ಐದರ್ ಆರ್ ಸರ್ವೈವರ್' ಅಂತ. ಅದಾದರೆ ಇಬ್ಬರಲ್ಲಿ ಯಾರ ಸಹಿಯೂ ಸಾಕು. ಠೇವಣಿಯಲ್ಲಿ ಮಾತ್ರ ಒಂದು ಸಿಕ್ಕು ಉಂಟು. ಅವಧಿಗೆ ಮೊದಲೇ ಮುರಿಸಬೇಕಾದರೆ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಇಬ್ಬರೂ ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ ಅದಕ್ಕೇನು ದಾರಿ ಅಂತ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ.