ಹಳೆಯ ಲಾರಿ: ಟಾಟಾ-ಬೆಂಜ್ ಕೊಳ್ಳುವುದೋ, ಲೇಲ್ಯಾಂಡ್ ಕಾಮೆಟ್ಟೋ?

ಹಾಸನದಲ್ಲಿ ಹವ್ಯಾಸಕ್ಕೆಂದು ಹಳೆಯ ಲಾರಿ ಹುಡುಕುತ್ತಿದ್ದೀರಾ? ಮೊದಲನೆಯದಾದರೆ ಟಾಟಾ ಎನ್ನುತ್ತೇನೆ. 1954ರಿಂದ 1969ರವರೆಗೆ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ತಯಾರಾದ, ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿದ್ದ ಗಾಡಿ. ಅದೇ ವಂಶದ ಲಾರಿಗಳು ಆಮೇಲೂ ದಶಕಗಟ್ಟಲೆ ಓಡಿದ್ದರಿಂದ ಗುಜರಿಯಲ್ಲಿ ಬಿಡಿಭಾಗ ಹುಡುಕುವುದು ಅಷ್ಟು ಕಷ್ಟವಲ್ಲ. ಕಾಮೆಟ್ಟಿನ ಗುಡುಗು ನನಗೂ ಇಷ್ಟ. ಆದರೆ ಅದರ ಬಿಡಿಭಾಗಕ್ಕೆ ತಾಳ್ಮೆ ಬೇಕು.

ಎರಡಕ್ಕೂ ಶತ್ರು ಒಬ್ಬನೇ: ಸಕಲೇಶಪುರದ ಮಳೆ. ಕ್ಯಾಬಿನ್ನಿನ ಮರದ ಚೌಕಟ್ಟಿಗೆ, ಬಾಗಿಲ ಕೆಳಮೂಲೆಯಲ್ಲಿ, ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬೆಣ್ಣೆಯೊಳಗೆ ಇಳಿದಂತೆ ಇಳಿದರೆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಚೌಕಾಸಿ ಬಿಡಬೇಡಿ. ಹೊಸ ಬಣ್ಣಕ್ಕಂತೂ ಮರುಳಾಗಬೇಡಿ. ದಾಖಲೆಯ ವಿಷಯದಲ್ಲಿ ಎರಡೂ ಸಮಾನ ದುಃಖಿಗಳು: 2021ರ ವಿಂಟೇಜ್ (ಐವತ್ತು ವರ್ಷ ದಾಟಿದ ವಾಹನಗಳ) ನೋಂದಣಿ ನಿಯಮ ಬೈಕು, ಕಾರುಗಳಿಗೆ, ಲಾರಿಗಿಲ್ಲ.