ಆಪರೇಷನ್ ಆದ ರಾತ್ರಿ ಕಾಲು ಕಲ್ಲಾದರೆ ಬೆಳಗಾಗಲಿ ಅಂತ ಕಾಯಬೇಡಿ

ಕಳೆದ ಜುಲೈ ಮಳೆಯಲ್ಲಿ ಮುಂಬೈ ಹತ್ತಿರದ ಡೊಂಬಿವ್ಲಿ ಸ್ಟೇಷನ್‌ನಿಂದ ಮನೆಗೆ ಬರುವಾಗ ಸ್ಕೂಟರ್ ಗುಂಡಿಗೆ ಇಳಿದು ಬಿದ್ದೆ. ಎಡಗಾಲಿನಲ್ಲಿ ಮೊಣಕಾಲಿನ ಕೆಳಗಿನ ದಪ್ಪ ಮೂಳೆ, ಟಿಬಿಯಾ, ಮುರಿಯಿತು. ಮರುದಿನ ಮಧ್ಯಾಹ್ನ ರಾಡ್ ಹಾಕಿದರು. ಆಪರೇಷನ್ ಚೆನ್ನಾಗೇ ಆಯಿತು. ಆಸ್ಪತ್ರೆ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ.

ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಮರಗಟ್ಟು ರಾತ್ರಿ 9ರ ಹೊತ್ತಿಗೆ ಇಳಿಯಿತು. ಆಮೇಲೆ ಶುರುವಾಯಿತು ನೋಡಿ. ಮೂಳೆ ಮುರಿದಾಗಲೂ ಅಷ್ಟು ನೋವಿರಲಿಲ್ಲ. ಬ್ಯಾಂಡೇಜಿನ ಒಳಗೆ ಯಾರೋ ಪಂಪಿನಿಂದ ಗಾಳಿ ಹೊಡೆಯುತ್ತಿರುವ ಹಾಗೆ. ನೋವಿನ ಇಂಜೆಕ್ಷನ್ ಅರ್ಧ ಗಂಟೆಯೂ ತಡೆಯಲಿಲ್ಲ. ಊತ ಇಳಿಯಲಿ ಅಂತ ಸಿಸ್ಟರ್ ಕಾಲಡಿಗೆ ಎರಡು ದಿಂಬು ಇಟ್ಟು, ಮರಾಠಿಯಲ್ಲಿ 'ಥೋಡಂ ಸಹನ್ ಕರಾ ಕಾಕಾ', ಅಂದರೆ ಸ್ವಲ್ಪ ತಡ್ಕೊಳ್ಳಿ ಚಿಕ್ಕಪ್ಪ, ಅಂದರು. ನನಗಿನ್ನೂ 42. ಕಾಕಾ ಅಂದಿದ್ದಕ್ಕೂ ಬೇಜಾರಾಯಿತು ಅನ್ನಿ.

11ಕ್ಕೆ ಡ್ಯೂಟಿ ಡಾಕ್ಟರ್ ಬಂದು ಪಾದದ ಮೇಲೆ ಎರಡು ಬೆರಳಿಟ್ಟು, ನಾಡಿ ಸಿಗುತ್ತಿದೆ, ತೊಂದರೆ ಇಲ್ಲ ಅಂತ ಹೊರಟರು. ನಾವು ಏಮಾರಿದ್ದು ಇಲ್ಲೇ. ಪಾದದಲ್ಲಿ ನಾಡಿ ಸಿಕ್ಕರೂ ಕಾಲಿನ ಮಾಂಸಖಂಡಕ್ಕೆ ರಕ್ತ ಹೋಗದೆ ಇರಬಹುದಂತೆ.

2 ಗಂಟೆಗೆ ಹೆಂಡತಿ, 'ರೀ, ಬೆರಳು ಆಡಿಸಿ ನೋಡೋಣ' ಅಂದಳು. ಆಗಲಿಲ್ಲ. ಅವಳೇ ಹೆಬ್ಬೆರಳು ಹಿಡಿದು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದಳು. ನಾನು ಕೂಗಿದ ಕೂಗಿಗೆ ವಾರ್ಡೆಲ್ಲ ಎದ್ದು ಕೂತಿತು. ಹೆಬ್ಬೆರಳಿನ ಪಕ್ಕದ ಸಂದು ಮುಟ್ಟಿದರೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ. ಕಾಲು ಒರಳುಕಲ್ಲಿನ ಹಾಗೆ ಗಟ್ಟಿ. ಅವಳು ಜಗಳ ತೆಗೆದ ಮೇಲೆ, 5ಕ್ಕೆ ದೊಡ್ಡ ಡಾಕ್ಟರ್ ಬಂದರು. ಮೊದಲು ದಿಂಬು ತೆಗೆಸಿದರು, ಬ್ಯಾಂಡೇಜ್ ಕತ್ತರಿಸಿದರು, ನೇರ ಥಿಯೇಟರಿಗೆ.

ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಂದರು. ನಮಗೆ ಕಂಪಾರ್ಟ್‌ಮೆಂಟ್ ಅಂದರೆ ಲೋಕಲ್ ರೈಲಿನದೇ ಅಲ್ವಾ? ಹೆಚ್ಚುಕಮ್ಮಿ ಅದೇ. ಮೊಣಕಾಲಿನ ಕೆಳಗೆ ಮಾಂಸಖಂಡ ತುಂಬಿದ ಅಂಥ ಕೋಣೆಗಳು ನಾಲ್ಕಿವೆ, ಸುತ್ತಲಿನ ಪೊರೆ ಹಿಗ್ಗುವುದಿಲ್ಲ. ಒಳಗೆ ಊತ ಏರಿದರೆ ಒತ್ತಡಕ್ಕೆ ರಕ್ತದ ಓಡಾಟವೇ ನಿಲ್ಲುತ್ತದೆ. ಹೀಗೆ ಸುಮಾರು 6 ತಾಸು ಕಳೆದರೆ ಮಾಂಸಖಂಡ, ನರ ಸಾಯತೊಡಗುತ್ತವೆ. ಇರುವ ದಾರಿ ಒಂದೇ, ಪೊರೆ ಸೀಳುವುದು. ನನಗೆ ಎರಡೂ ಬದಿ ಉದ್ದಕ್ಕೆ ಸೀಳಿ, ಗಾಯ ತೆರೆದೇ ಇಟ್ಟು, ಆಮೇಲೆ ತೊಡೆಯ ಚರ್ಮ ತೆಗೆದು ಮುಚ್ಚಿದರು.

ಇದು ಅಪರೂಪವೇ, ಹೆದರಿ ಆಪರೇಷನ್ ಬಿಡಬೇಡಿ. ನನ್ನ ಪಾದ ಮಾತ್ರ ಈಗಲೂ ಪೂರ್ತಿ ಮೇಲೇಳುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿದುಬಿಡುತ್ತದೆ.

ಇಂಜೆಕ್ಷನ್ ಕೊಟ್ಟರೂ ನೋವು ಏರುತ್ತಲೇ ಇದ್ದರೆ, ಬೆರಳು ಬಗ್ಗಿಸಿದಾಗ ಜೀವ ಹೋಗುವಂತಾದರೆ, ಜೋಮು ಹಿಡಿದರೆ, ಆಪರೇಷನ್ ಮಾಡಿದ ಡಾಕ್ಟರನ್ನೇ ತಕ್ಷಣ ಕರೆಸಿ. 'ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇರಬಹುದಾ' ಅಂತ ಹೆಸರು ಹಿಡಿದೇ ಕೇಳಿ. ಬೈದರೆ ಬೈಯಲಿ. 11ಕ್ಕೇ ಜಗಳ ತೆಗೆಯಬೇಕಿತ್ತು ಅಂತ ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.